ನಿನ್ನ ಉಕ್ಕಿನ ಪಿಸ್ತೂಲಿನ ವಿಚಾರ: ಮಗಳಿಗೊಂದು ಪತ್ರ

ಫೀನಿಕ್ಸ್, ಅರಿಜೋನಾ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೂರು ವಾರಗಳ ಹಿಂದೆ ನೀನು ಟೂಸಾನ್‌ನಿಂದ ತಂದು ನನ್ನ ಕೆಲಸದ ಮೇಜಿನ ಮೇಲೆ ಇಟ್ಟುಹೋದ ನಿನ್ನ ಶೂಟಿಂಗ್ ಸ್ಪರ್ಧೆಯ ಪಿಸ್ತೂಲನ್ನು, ಆ ಸಿಝಡ್ ಶ್ಯಾಡೋ 2ನ್ನು, ಪೂರ್ತಿಯಾಗಿ ಬಿಚ್ಚಿ, ಅಳೆದು, ಮತ್ತೆ ಜೋಡಿಸಿ, 350 ಗುಂಡು ಹಾರಿಸಿ ನೋಡಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ಎರಡನೆಯ ವಾಕ್ಯಕ್ಕೇ ನೀನು "ಟ್ರಿಗರ್ ಕೆಲಸ ಯಾವಾಗ ಮಾಡ್ತೀಯಪ್ಪಾ?" ಎಂದು ಅಡ್ಡ ಬರುವೆಯೆಂದು ಬಲ್ಲೆ, ಆದ್ದರಿಂದ ಬರೆದೇ ತಿಳಿಸುತ್ತಿದ್ದೇನೆ. ನೀನು ಚೀಟಿಯಲ್ಲಿ ಬರೆದುಕೊಟ್ಟಿದ್ದ ಹನ್ನೊಂದು ಬದಲಾವಣೆಗಳಲ್ಲಿ ನಾಲ್ಕನ್ನು ಮಾತ್ರ ಮಾಡಿದ್ದೇನೆ, ನೀನು ಬರೆಯದೇ ಬಿಟ್ಟಿದ್ದ ಎರಡನ್ನು ಸೇರಿಸಿದ್ದೇನೆ. ಕಾರಣಗಳನ್ನು ಓದಿದ ಮೇಲೆ ಜಗಳವಾಡಬಹುದು.

ಮೊದಲು ನಿನ್ನ ಕೈಯಲ್ಲಿರುವುದು ಏನೆಂಬುದನ್ನು ತಿಳಿದುಕೋ. ಶ್ಯಾಡೋ 2 ಹೊರಬಂದದ್ದು 2016ರಲ್ಲಾದರೂ ಅದರ ಎಲುಬುಗಳು 1975ರ ಸಿಝಡ್ 75 ಪಿಸ್ತೂಲಿನವು. ಚೆಕೊಸ್ಲೊವಾಕಿಯಾದ ಉಹರ್‌ಸ್ಕಿ ಬ್ರೋಡ್ ಊರಿನ ಕಾರ್ಖಾನೆಯಿಂದ ಆಗಷ್ಟೇ ನಿವೃತ್ತರಾಗಿದ್ದ ಫ್ರಾಂಟಿಷೆಕ್ ಕೌಟ್‌ಸ್ಕಿ ಅವರನ್ನು 1969ರಲ್ಲಿ ಮತ್ತೆ ಕರೆದು, ರಫ್ತಿಗಾಗಿ ಒಂದು 9 ಮಿಲಿಮೀಟರ್ ಪಿಸ್ತೂಲು ರೂಪಿಸಿಕೊಡಿ ಎಂದು ಒಪ್ಪಿಸಿದರು. ನಿವೃತ್ತನಾದವನ ಬುದ್ಧಿ ತುಕ್ಕು ಹಿಡಿದಿರುತ್ತದೆ ಎಂದು ನಿನ್ನಮ್ಮ ಆಗಾಗ ಹೇಳುವಾಗ ನಾನು ಈ ಮನುಷ್ಯನನ್ನು ನೆನೆದು ಸುಮ್ಮನಾಗುತ್ತೇನೆ. ಅವರು ಮಾಡಿದ ಮುಖ್ಯ ಕೆಲಸವೆಂದರೆ, ಸ್ವಿಟ್ಜರ್ಲೆಂಡಿನ ಸಿಗ್ ಪಿ210ರಲ್ಲಿದ್ದಂತೆ, ಸ್ಲೈಡನ್ನು (ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುವ ಮೇಲ್ಭಾಗ) ಫ್ರೇಮಿನ (ಹಿಡಿಯಿರುವ ಕೆಳಭಾಗ) ಹೊರಗಿನಿಂದ ತಬ್ಬಿಸದೆ ಒಳಗಿನ ಹಳಿಗಳಲ್ಲಿ ಓಡುವಂತೆ ಕೂರಿಸಿದ್ದು. ಇದರಿಂದ ಸ್ಲೈಡಿಗೆ ಉದ್ದಕ್ಕೂ ಆಸರೆ ಸಿಗುತ್ತದೆ, ಬ್ಯಾರೆಲ್ಲಿನ ಅಕ್ಷ ಅಂಗೈಗೆ ಹತ್ತಿರವಾಗುತ್ತದೆ. ಸ್ಲೈಡ್ ಹಿಂದಕ್ಕೆಳೆಯಲು ಬೆರಳಿಗೆ ಹಿಡಿತ ಸಾಲದು ಎಂದು ನೀನು ಗೊಣಗಿದೆಯಲ್ಲ, ಅದು ಇದೇ ವಿನ್ಯಾಸಕ್ಕೆ ತೆರುವ ಬೆಲೆ. ಅವರ ಪೇಟೆಂಟುಗಳನ್ನು ಅಲ್ಲಿನ ಸರ್ಕಾರ ರಹಸ್ಯವೆಂದು ಮುಚ್ಚಿಟ್ಟಿದ್ದರಿಂದ ಹೊರದೇಶಗಳಲ್ಲಿ ನೋಂದಣಿಯೇ ಆಗಲಿಲ್ಲ. ಇಟಲಿಯ ಟಾನ್‌ಫೋಲಿಯೊ ಮೊದಲಾದವರು ಅದೇ ನಮೂನೆಯನ್ನು ನಿರಾತಂಕವಾಗಿ ತಯಾರಿಸಿದರು. ಹಾಗೆಂದು ಅವರ ಬಿಡಿಭಾಗಗಳು ನಿನ್ನದಕ್ಕೆ ಸಲೀಸಾಗಿ ಕೂರುತ್ತವೆ ಎಂದುಕೊಳ್ಳಬೇಡ. ಅಣ್ಣತಮ್ಮಂದಿರ ಚಪ್ಪಲಿಯ ಹಾಗೆ ಅವು, ನೋಡಲು ಒಂದೇ, ಹಾಕಿದರೆ ಕಚ್ಚುತ್ತವೆ.

ಇನ್ನು ತೂಕ. ಬರಿದಾದ ಶ್ಯಾಡೋ 2 ಸುಮಾರು 1,330 ಗ್ರಾಂ ತೂಗುತ್ತದೆ. 8 ಗ್ರಾಂ ಗುಂಡು ಸೆಕೆಂಡಿಗೆ 320 ಮೀಟರ್ ವೇಗದಲ್ಲಿ ಹೊರಟಾಗ, ಮದ್ದಿನ ಅನಿಲದ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ, ಈ ಪಿಸ್ತೂಲು ನಿನ್ನ ಕೈಯತ್ತ ಸೆಕೆಂಡಿಗೆ 1.9 ಮೀಟರ್ ವೇಗದಲ್ಲಿ ಬರುತ್ತದೆ. 700 ಗ್ರಾಂ ತೂಗುವ ಪ್ಲಾಸ್ಟಿಕ್ ಫ್ರೇಮಿನದು 3.7 ಮೀಟರ್ ವೇಗದಲ್ಲಿ ಒದೆಯುತ್ತದೆ. ಕೈ ತಡೆದುಕೊಳ್ಳಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆದರೆ ಅದೇ ತೂಕವನ್ನು ನೀನು ಒರೆಯಿಂದ ಎತ್ತಬೇಕು, ಒಂದು ಗುರಿಯಿಂದ ಇನ್ನೊಂದಕ್ಕೆ ಹೊರಳಿಸಿ ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ನಿನ್ನ ಚೀಟಿಯಲ್ಲಿದ್ದ ಹಿತ್ತಾಳೆಯ ಗ್ರಿಪ್ಪನ್ನು ನಾನು ತರಿಸದೇ ಇದ್ದದ್ದು ಇದಕ್ಕೇ. ನಿನ್ನ ವೀಡಿಯೊಗಳಲ್ಲಿ ಪಿಸ್ತೂಲು ಗುರಿಯನ್ನು ದಾಟಿ ಹೋಗಿ ವಾಪಸು ಬರುತ್ತಿದೆ. ಇರುವ ತೂಕವನ್ನೇ ನಿಲ್ಲಿಸಲು ಕಷ್ಟಪಡುವವಳಿಗೆ ಇನ್ನಷ್ಟು ತೂಕ ಕಟ್ಟುವುದು ಯಾವ ನ್ಯಾಯ?

ಬಿಚ್ಚಿ ನೋಡಿದ ಕಥೆ ಹೀಗಿದೆ. ಮ್ಯಾಗಜಿನ್ ತೆಗೆದು, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಎರಡೆರಡು ಸಲ ನೋಡಿ, ಸ್ಲೈಡ್ ಮತ್ತು ಫ್ರೇಮಿನ ಹಿಂಭಾಗದ ಎರಡು ಗೆರೆಗಳನ್ನು ಕೂಡಿಸಿ ಸ್ಲೈಡ್ ಸ್ಟಾಪನ್ನು, ಎಂದರೆ ಎಲ್ಲವನ್ನೂ ಹಿಡಿದಿಡುವ ಅಡ್ಡಕಡ್ಡಿಯನ್ನು, ಹೊರಕ್ಕೆ ತಳ್ಳಿದೆ. ಜಾಲಹಳ್ಳಿಯ ಎಚ್‌ಎಂಟಿ ಟೂಲ್ ರೂಮಿನಲ್ಲಿ ಕಲಿತ ಪಾಠವೆಂದರೆ ಸವೆತವನ್ನು ಮೊದಲು ಬೆಳಕಿನಲ್ಲಿ ಓದಬೇಕು, ಆಮೇಲೆ ಗೇಜಿನಲ್ಲಿ ಅಳೆಯಬೇಕು. ಹಳಿಗಳ ಮೇಲಿನ ಕಪ್ಪು ಲೇಪ ಎರಡೂ ಬದಿಯಲ್ಲಿ ಒಂದೇ ಸಮನಾಗಿ ಹೋಗಿದೆ, ಒಂದು ಕಡೆ ಮಾತ್ರ ಉಜ್ಜಿದ ಗುರುತಿಲ್ಲ. ಎಂದರೆ ಸ್ಲೈಡ್ ನೇರವಾಗಿ ಓಡುತ್ತಿದೆ. ಸ್ಲೈಡಿಗೆ ಸಿಕ್ಕಿಕೊಂಡು ಬೀಗವಾಗುವ, ಬ್ಯಾರೆಲ್ಲಿನ ಮೇಲಿನ ಲಗ್ಗುಗಳಿಗೆ ತೆಳುವಾಗಿ ನೀಲಿ ಬಣ್ಣ ಹಚ್ಚಿ ಮುಚ್ಚಿ ತೆಗೆದಾಗ ಬಣ್ಣ ಎರಡು ಬದಿಗೂ ಸಮವಾಗಿ ಅಳಿಸಿತು. ತೊಂದರೆ ಕಂಡದ್ದು ಸ್ಲೈಡ್ ಸ್ಟಾಪಿನಲ್ಲಿ. ಬ್ಯಾರೆಲ್ಲನ್ನು ಕೆಳಗಿಳಿಸುವ ಮತ್ತು ಮೇಲೇರಿಸುವ ಹೊಡೆತವೆಲ್ಲ ಆ ಪುಟ್ಟ ಕಡ್ಡಿಯ ಮೇಲೆಯೇ ಬೀಳುವುದರಿಂದ ಈ ವಂಶದ ಪಿಸ್ತೂಲುಗಳಲ್ಲಿ ಅದು ಮುರಿಯುವುದು ಹೊಸತೇನಲ್ಲ. ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿದರೆ, ಕಡ್ಡಿ ಸನ್ನೆಯನ್ನು ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಗೆರೆ. ಎಣ್ಣೆ ಒರೆಸಿ, ಮತ್ತೆ ಎಣ್ಣೆ ಹಚ್ಚಿ ಒರೆಸಿ, ಅರ್ಧ ಗಂಟೆ ಬಿಟ್ಟು ನೋಡಿದೆ. ಆ ಗೆರೆಯಿಂದ ಎಣ್ಣೆ ನಿಧಾನವಾಗಿ ಜಿನುಗಿತು. ಗೀರಾಗಿದ್ದರೆ ಜಿನುಗುತ್ತಿರಲಿಲ್ಲ, ಅದು ಬಿರುಕೇ. ಹೊಸದನ್ನು ಹಾಕಿದ್ದೇನೆ, ಇನ್ನೊಂದನ್ನು ನಿನ್ನ ಚೀಲದಲ್ಲಿಟ್ಟಿದ್ದೇನೆ. ಚೀಟಿಯಲ್ಲಿಲ್ಲದ ಮೊದಲ ಕೆಲಸ ಇದು.

ಎರಡನೆಯದು ಟ್ರಿಗರ್ ರಿಟರ್ನ್ ಸ್ಪ್ರಿಂಗ್ ಮತ್ತು ತೋಟೆಯ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ನನ್ನು ಹಿಡಿದಿಡುವ ರೋಲ್ ಪಿನ್, ಎರಡನ್ನೂ ಒಂದೇ ಕೆಲಸವೆಂದು ಎಣಿಸಿದ್ದೇನೆ. ಹಳೆಯ ಮಾಲೀಕ ಖಾಲಿ ಚೇಂಬರಿನಲ್ಲಿ ಸಾವಿರಾರು ಸಲ ಟ್ರಿಗರ್ ಎಳೆದು ಅಭ್ಯಾಸ ಮಾಡಿರಬೇಕು, ಆ ರೋಲ್ ಪಿನ್ನಿನ ನಡು ಚಪ್ಪಟೆಯಾಗಿತ್ತು. ನೀನು ಮನೆಯಲ್ಲಿ ಅಭ್ಯಾಸ ಮಾಡುವಾಗ ಚೇಂಬರಿಗೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟೆ) ಹಾಕಿಕೊಂಡೇ ಮಾಡು.

ಬೆನ್ ಏವರಿ ರೇಂಜಿನಲ್ಲಿ ಮರಳಚೀಲದ ಮೇಲಿಟ್ಟು 25 ಗಜದಿಂದ ಐದೈದು ಗುಂಡುಗಳ ಆರು ಗುಂಪು ಹಾರಿಸಿದೆ. ಅತಿ ಚಿಕ್ಕದು 41 ಮಿಲಿಮೀಟರ್, ಅತಿ ದೊಡ್ಡದು 63. ನಿನ್ನ ಕ್ರೀಡೆಯಲ್ಲಿ ಅತಿ ಹೆಚ್ಚು ಅಂಕದ ಆಲ್ಫಾ ವಲಯವೇ 15 ಸೆಂಟಿಮೀಟರ್ ಅಗಲವಿರುವಾಗ ಬ್ಯಾರೆಲ್ಲಿಗೆ ಒಂದು ಡಾಲರ್ ಕೂಡ ಸುರಿಯುವ ಅಗತ್ಯವಿಲ್ಲ. ಆ ಸಾಲನ್ನು ನಿನ್ನ ಚೀಟಿಯಿಂದ ಹೊಡೆದುಹಾಕಿದೆ.

ಅದೇ ಚೀಟಿಯ ಮೂಲೆಯಲ್ಲಿ "147 ಗ್ರೇನ್, 850 ಅಡಿ" ಎಂದು, ಗುಂಡಿನ ತೂಕವನ್ನೂ ಸೆಕೆಂಡಿಗೆ ಅದರ ವೇಗವನ್ನೂ ಬರೆದಿದ್ದೀಯ. ಗುಣಿಸಿ ನೋಡಿದೆಯಾ? 147 ಗ್ರೇನನ್ನು 850ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 124.95 ಬರುತ್ತದೆ. ಈ ಅಂಕಿಯೇ ಪವರ್ ಫ್ಯಾಕ್ಟರ್, ನಿನ್ನ ಮೈನರ್ ವರ್ಗಕ್ಕೆ ಅದರ ಕೆಳಮಿತಿ 125. ಗುಂಡಿನ ವೇಗ ಅಳೆಯುವ ಕ್ರೋನೊಗ್ರಾಫಿನ ಮುಂದೆ ಈ ಐದು ನೂರನೇ ಭಾಗಕ್ಕೆ ಯಾರೂ ದಯೆ ತೋರಿಸುವುದಿಲ್ಲ. ದಿನವಿಡೀ ಓಡಿ ಹಾರಿಸಿದ್ದೆಲ್ಲ ಲೆಕ್ಕಕ್ಕಿಲ್ಲದೆ ಹೋಗುತ್ತದೆ. 900 ಅಡಿಗೆ ಹೊಂದಿಸಿಕೋ, 132 ಬರುತ್ತದೆ, ಚಳಿಗಾಲದ ಬೆಳಗಿನಲ್ಲಿ ಮದ್ದು ಸ್ವಲ್ಪ ಮಂಕಾದರೂ ನಿಭಾಯಿಸುತ್ತದೆ.

ಗುಂಡು ಹಾರಿದ ಮೇಲೆ ಮೂತಿ ಕೆಳಕ್ಕೆ ಕುಕ್ಕುತ್ತದೆ ಎಂದಿದ್ದೆ. ಅದು ನಿನ್ನ ಮಣಿಕಟ್ಟಿನ ದೋಷವಲ್ಲ. ಇಂಥ ಮೃದು ತೋಟೆಗೆ ಗಟ್ಟಿಯಾದ ರಿಕಾಯ್ಲ್ ಸ್ಪ್ರಿಂಗ್ ಹಾಕಿದ್ದರೆ ಅದು ಸ್ಲೈಡನ್ನು ರಭಸದಿಂದ ಮುಂದಕ್ಕೆ ಎಸೆದು ಮೂತಿಯನ್ನು ಕೆಳಗೆ ಒತ್ತುತ್ತದೆ. 11 ಪೌಂಡಿನದನ್ನು ಹಾಕಿ ನೋಡಿದೆ. ಮೂತಿಯ ಮೇಲಿರುವ ಮುಂದಿನ ಸೈಟಿನ ಚುಕ್ಕೆ ಎದ್ದ ದಾರಿಯಲ್ಲೇ ಇಳಿದು ಬಂದು ಕೂರುತ್ತದೆ, ಖಾಲಿ ಕವಚಗಳು ಎರಡು ಮೀಟರ್ ಆಚೆ ಒಂದೇ ಗುಡ್ಡೆಯಾಗಿ ಬೀಳುತ್ತವೆ.

ಈಗ ನೀನು ಕಾಯುತ್ತಿರುವ ಟ್ರಿಗರಿನ ಮಾತು. ನೀನು ತಂದಾಗ ಮೊದಲ ಎಳೆತ, ಎಂದರೆ ಫೈರಿಂಗ್ ಪಿನ್ನಿಗೆ ಹೊಡೆಯುವ ಹ್ಯಾಮರ್ ಕೆಳಗಿದ್ದಾಗಿನ ಡಬಲ್ ಆಕ್ಷನ್, 8 ಪೌಂಡ್ 4 ಔನ್ಸ್ ತೂಗುತ್ತಿತ್ತು. ಹ್ಯಾಮರ್ ಎತ್ತಿದ್ದಾಗಿನ ಸಿಂಗಲ್ ಆಕ್ಷನ್ 3 ಪೌಂಡ್ 10 ಔನ್ಸ್. ಹ್ಯಾಮರ್ ಸ್ಪ್ರಿಂಗನ್ನು ನೀನು ಕೇಳಿದಂತೆ 11.5 ಪೌಂಡಿನದಕ್ಕೆ ಇಳಿಸಿದಾಗ ಎಳೆತವೇನೋ ಬೆಣ್ಣೆಯಂತಾಯಿತು. ಆದರೆ ಪೆಟ್ಟು ಬಿದ್ದಾಗ ಮದ್ದನ್ನು ಹೊತ್ತಿಸುವ, ತೋಟೆಯ ಬುಡದ ಪ್ರೈಮರುಗಳೆಲ್ಲ ಒಂದೇ ತರಹದವಲ್ಲ. ಫೆಡರಲ್ ಪ್ರೈಮರ್ ಮೃದು, ಸಿಸಿಐ ಗಟ್ಟಿ ಎಂಬುದು ರೇಂಜಿನಲ್ಲಿ ಎಲ್ಲರೂ ಬಲ್ಲ ಮಾತು. ನೂರು ಸಿಸಿಐ ತೋಟೆಗಳನ್ನು ಬರೀ ಡಬಲ್ ಆಕ್ಷನ್‌ನಲ್ಲಿ ಹಾರಿಸಿದಾಗ ಮೂರು ಹೊತ್ತಿಕೊಳ್ಳಲಿಲ್ಲ. ಸ್ಪರ್ಧೆಯ ಪ್ರತಿ ಸುತ್ತಿನಲ್ಲೂ ನಿನ್ನ ಮೊದಲ ಗುಂಡು ಡಬಲ್ ಆಕ್ಷನ್‌ನದೇ, ಅಲ್ಲಿ ನೂರಕ್ಕೆ ಮೂರು ಎಂದರೆ ಸಣ್ಣ ಸಂಖ್ಯೆಯಲ್ಲ. 13 ಪೌಂಡಿನ ಸ್ಪ್ರಿಂಗ್ ಹಾಕಿ ಇನ್ನೊಂದು ನೂರು ಹಾರಿಸಿದೆ, ಎಲ್ಲವೂ ಹೊತ್ತಿಕೊಂಡವು. ಈಗ ಎಳೆತ 7 ಪೌಂಡ್ 2 ಔನ್ಸ್ ಮತ್ತು 3 ಪೌಂಡ್ 2 ಔನ್ಸ್. ಮುಂದೆ ಹೊರದೇಶದ ಪಂದ್ಯಗಳಿಗೆ ಹೋಗುವ ಆಸೆಯಿದ್ದರೆ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಪಿಎಸ್‌ಸಿಯ ಪ್ರೊಡಕ್ಷನ್ ವಿಭಾಗದಲ್ಲಿ (ಕಾರ್ಖಾನೆಯ ಪಿಸ್ತೂಲನ್ನು ಹೆಚ್ಚು ಬದಲಿಸದೆ ಬಳಸುವ ವರ್ಗ) ಟ್ರಿಗರ್ ತೀರಾ ಹಗುರವಿರಬಾರದೆಂಬ ನಿಯಮಕ್ಕೂ ಇದು ಧಾರಾಳವಾಗಿ ಒಳಪಡುತ್ತದೆ.

ಎತ್ತಿದ ಹ್ಯಾಮರನ್ನು ತಡೆದು ನಿಲ್ಲಿಸುವ ಸಿಯರ್ ಎಂಬ ತುಣುಕನ್ನೂ ಹ್ಯಾಮರಿನ ಕೊಕ್ಕೆಗಳನ್ನೂ ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಬಳಿ ಒಂದು ಉಕ್ಕಿನ 1911 ಮಾದರಿಯ ಪಿಸ್ತೂಲು ಇತ್ತು, ನಿನಗೆ ನೆನಪಿರಲಾರದು. ಹನ್ನೆರಡು ವರ್ಷ ಅರ ಹಿಡಿದ ಕೈ, ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ ಕೈ ಎಂಬ ಜಂಬದಲ್ಲಿ ಅದರ ಸಿಯರನ್ನು ನಾನೇ ತೀಡಿದೆ. ಟ್ರಿಗರ್ ಗಾಜು ಒಡೆದಂತೆ ಮುರಿಯುತ್ತಿತ್ತು, ಎರಡು ತಿಂಗಳು ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಒಂದು ಭಾನುವಾರ ರೇಂಜಿನಲ್ಲಿ ಒಮ್ಮೆ ಎಳೆದದ್ದಕ್ಕೆ ಎರಡು ಗುಂಡು ಹೋದವು. ಎರಡನೆಯದು ಗುರಿಹಲಗೆಯ ಮೇಲಿನ ಮಣ್ಣುದಿಬ್ಬದ ತುದಿಯಿಂದ ಒಂದಡಿ ಕೆಳಗೆ ಬಡಿಯಿತು. ಇನ್ನೊಂದಡಿ ಮೇಲೆ ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ. ಆ ಸಿಯರಿನ ಗಡಸುತನವೆಲ್ಲ ಮೇಲ್ಪದರದಲ್ಲಿತ್ತು. ನಾನು ಆ ಪದರವನ್ನೇ ತೀಡಿ ತೆಗೆದಿದ್ದೆ, ಒಳಗಿನ ಮೆತ್ತನೆಯ ಲೋಹ ಎರಡು ತಿಂಗಳಲ್ಲಿ ದುಂಡಗಾಗಿತ್ತು. ನಿನಗೆ ಬೇಕೇಬೇಕೆಂದಾದರೆ ಆ ಕೆಲಸವನ್ನೇ ಕಸುಬಾಗಿಸಿಕೊಂಡವರಿಗೆ ಕೊಡು, ಅದೂ ಈ ಋತು ಮುಗಿದ ಮೇಲೆ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ನಿನ್ನ ಕೈಯ ಅಳತೆ. ಅಂದು ರಾತ್ರಿ ನೀನು ಚಪಾತಿ ಹರಿಯುತ್ತಿದ್ದಾಗ ಕ್ಯಾಲಿಪರ್ ತಂದು ನಿನ್ನ ಹೆಬ್ಬೆರಳ ಬುಡದಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳೆದೆನಲ್ಲ, ನಕ್ಕೆಯಲ್ಲ, ಅದೇ ಅಳತೆ. ಪಿಸ್ತೂಲಿನ ಹಿಂಬದಿಯಿಂದ ಡಬಲ್ ಆಕ್ಷನ್ ಸ್ಥಿತಿಯ ಟ್ರಿಗರಿನವರೆಗಿನ ದೂರದ ಪಕ್ಕದಲ್ಲಿಟ್ಟು ನೋಡಿದರೆ ನಿನ್ನ ಬೆರಳು ಸುಮಾರು 7 ಮಿಲಿಮೀಟರ್ ಸಾಲದಾಗುತ್ತಿತ್ತು. ಬೆರಳ ತುದಿಯಿಂದ ಎಂಟು ಪೌಂಡ್ ಎಳೆಯಲು ಹೋಗಿ ನೀನು ಇಡೀ ಕೈಯನ್ನೇ ತಿರುಚಿಕೊಳ್ಳುತ್ತಿದ್ದೆ. ಮೊದಲ ಗುಂಡು ಯಾವಾಗಲೂ ಕೆಳಗೆ ಎಡಕ್ಕೆ ಹೋಗುತ್ತಿದ್ದುದರ ಗುಟ್ಟು ಅಷ್ಟೆ. ತೆಳುವಾದ ಅಲ್ಯೂಮಿನಿಯಂ ಗ್ರಿಪ್ ಹಾಕಿದ್ದೇನೆ. ಅಂಗೈ ಆಳಕ್ಕೆ ಸುತ್ತಿಕೊಳ್ಳುವುದರಿಂದ ಬೆರಳು ಟ್ರಿಗರಿನ ಮೇಲೆ ಸರಿಯಾಗಿ ಕೂರುತ್ತದೆ. ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಅದರ ಮೂರು ಜಾಗಗಳಲ್ಲಿ ನಿನ್ನ ಹೆಬ್ಬೆರಳಿಗೆ ಹತ್ತಿರವಾದದ್ದಕ್ಕೆ ಸರಿಸಿದ್ದೇನೆ. ಮ್ಯಾಗಜಿನ್ ಸಲೀಸಾಗಿ ತೂರಲು ಹಿಡಿಯ ಬುಡಕ್ಕೆ ಹಾಕುವ ಮ್ಯಾಗ್‌ವೆಲ್ ಪ್ರೊಡಕ್ಷನ್‌ನಲ್ಲಿ ನಡೆಯುವುದಿಲ್ಲ, ಆ ಆಸೆ ಬಿಡು.

ಒಂದು ವಿಷಯವನ್ನು ಮಾತ್ರ ಅಪ್ಪನಾಗಿ ಬರೆಯುತ್ತೇನೆ. ಈ ಪಿಸ್ತೂಲಿಗೆ ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ಡಿಕಾಕರ್ ಇಲ್ಲ, ಫೈರಿಂಗ್ ಪಿನ್ನನ್ನು ತಡೆಯುವ ಬ್ಲಾಕ್ ಕೂಡ ಇಲ್ಲ. ಟ್ರಿಗರ್ ಇಷ್ಟು ನಯವಾಗಿರಲು ಅದೂ ಒಂದು ಕಾರಣ. ಪಂದ್ಯದ ಅಧಿಕಾರಿ "ಮೇಕ್ ರೆಡಿ" (ತಯಾರಾಗು) ಎಂದ ಮೇಲೆ ತೋಟೆ ಚೇಂಬರಿನಲ್ಲಿರುವಾಗಲೇ ಹ್ಯಾಮರನ್ನು ಕೈಯಿಂದ ಇಳಿಸಬೇಕು, ಅರ್ಧಕ್ಕೆ ನಿಲ್ಲಿಸಿದರೆ ನಿಯಮ ಒಪ್ಪುವುದಿಲ್ಲ. ಮೂತಿ ದಿಬ್ಬದ ಕಡೆಗಿರಲಿ. ಎಡಗೈಯ ಹೆಬ್ಬೆರಳು ತೋರುಬೆರಳುಗಳಿಂದ ಹ್ಯಾಮರನ್ನು ಚಿವುಟಿ ಹಿಡಿದ ಮೇಲೆಯೇ ಟ್ರಿಗರ್ ಒತ್ತು, ಪೂರ್ತಿ ಇಳಿಯುವವರೆಗೆ ಬಿಡಬೇಡ. ಬೆವರಿದ್ದರೆ ಮೊದಲು ಕೈ ಒರೆಸಿಕೋ, ಗಡಿಯಾರ ಆಗ ಓಡುತ್ತಿರುವುದಿಲ್ಲ. ಫೈರಿಂಗ್ ಪಿನ್ನಿನ ಸ್ಪ್ರಿಂಗನ್ನೂ ಹಗುರ ಮಾಡಬೇಕೆಂದು ಬರೆದಿದ್ದೀಯ. ಪಿಸ್ತೂಲು ಕೈಜಾರಿ ಮೂತಿಯ ಮೇಲೆ ಬಿದ್ದರೆ ಪಿನ್ ಮುಂದಕ್ಕೆ ಹಾರದಂತೆ ಹಿಡಿದಿಡುವುದು ಅದೊಂದೇ ಸ್ಪ್ರಿಂಗ್, ಆದ್ದರಿಂದ ಕಾರ್ಖಾನೆಯದನ್ನೇ ಉಳಿಸಿದ್ದೇನೆ. ಇದರಲ್ಲಿ ಚೌಕಾಸಿಯಿಲ್ಲ.

ಮುಂದಿನ ಸೈಟಿಗೆ ಸಣ್ಣ ಎಳೆಯ ಫೈಬರ್ ಹಾಕಿದ್ದೇನೆ, ಶನಿವಾರ ಬಂದಾಗ ಹಿಂದಿನ ಸೈಟನ್ನು ನಿನ್ನ ಕಣ್ಣಿಗೆ ಹೊಂದಿಸೋಣ. ಬರುವಾಗ 900 ಅಡಿಯ ತೋಟೆ ಇನ್ನೂರು ತಾ. ಬದಲಾಯಿಸಿದ ಪ್ರತಿ ಭಾಗದ ಮುಂದೆ ದಿನಾಂಕ ಮತ್ತು ಹಾರಿಸಿದ ಗುಂಡುಗಳ ಲೆಕ್ಕ ಬರೆಯಲು ಪೆಟ್ಟಿಗೆಯಲ್ಲೊಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೇನೆ, ಮೊದಲ ಪುಟ ನಾನೇ ತುಂಬಿದ್ದೇನೆ. ಕಳೆದ ಆಯುಧಪೂಜೆಯಂದು ನಿನ್ನಮ್ಮ ನನ್ನ ಲೇತಿನ ಹಳಿಗೆ ಹಚ್ಚಿದ ಕುಂಕುಮವನ್ನು ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಈ ಸಲ ಪಿಸ್ತೂಲಿನ ಪೆಟ್ಟಿಗೆಗೆ ಮಾತ್ರ ಹಚ್ಚುವುದೆಂದು ಒಪ್ಪಂದವಾಗಿದೆ. ಹಳೆಯ ಗ್ರಿಪ್ ಮತ್ತು ಅದರ ಎರಡು ಸ್ಕ್ರೂಗಳು ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿವೆ, ತೊಳೆದಿದ್ದೇನೆ, ಆದರೂ ಸ್ವಲ್ಪ ಇಂಗಿನ ವಾಸನೆ ಬರುತ್ತದೆ.

ಇಂತಿ,
ನಿನ್ನ ಅಪ್ಪ