ಬ್ಯಾಟರಿ ರೂಮಿನ ಕಡೆಯೂ ನೋಡಿ

ಸಂಪಾದಕರೇ,

ಡೇಟಾ ಸೆಂಟರ್ ಅಂದರೆ ಎಲ್ಲರೂ ಮಾಹಿತಿ ಇಟ್ಟುಕೊಳ್ಳುವ ದೊಡ್ಡ ಕಂಪ್ಯೂಟರ್, ಅಂದರೆ ಸರ್ವರ್ ಬಗ್ಗೆಯೇ ಮಾತಾಡುತ್ತಾರೆ. ನಾನು ಬೆಂಗಳೂರಿನಲ್ಲಿ ಯುಪಿಎಸ್ (ಕರೆಂಟ್ ಹೋದಾಗ ಬ್ಯಾಟರಿಯಿಂದ ವಿದ್ಯುತ್ ಕೊಡುವ ಯಂತ್ರ) ರಿಪೇರಿ ಮಾಡುವವನು. ಕರೆಂಟ್ ಹೋಗಿ ಜನರೇಟರ್ ಲೋಡ್, ಅಂದರೆ ಎಲ್ಲ ಯಂತ್ರಗಳ ವಿದ್ಯುತ್ ಭಾರ ತೆಗೆದುಕೊಳ್ಳುವವರೆಗೆ ಎಲ್ಲವೂ ನಿಂತಿರುವುದು ಬ್ಯಾಟರಿ ಮೇಲೆ. ಮೊನ್ನೆ ಒಂದು ಕಡೆ ಹೋದರೆ ಎರಡು ಬ್ಯಾಟರಿ ಉಬ್ಬಿಕೊಂಡಿದ್ದವು, ಟರ್ಮಿನಲ್ ತುಂಬ ಬಿಳಿ ಪುಡಿ, ಪಕ್ಕದಲ್ಲೇ ರಟ್ಟಿನ ಡಬ್ಬಗಳ ರಾಶಿ. ಕೇಳಿದ್ದಕ್ಕೆ 'ಇನ್ನೂ ನಡೀತಿದೆ ಅಲ್ವಾ, ಬಿಡಿ' ಅಂದರು. ಹೊಟ್ಟೆ ಉರಿಯಿತು.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸದ ನಡುವೆ ಬೆಂಕಿ ಹತ್ತಿ 709 ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಗಳು ನಿಂತವು, ನೌಕರರ ಫೈಲ್‌ಗಳಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ಸುಟ್ಟೇ ಹೋಯಿತು, ಯಾಕೆಂದರೆ ಅದರ ಕಾಪಿ ಹೊರಗೆಲ್ಲೂ ಇರಲಿಲ್ಲ. 2022ರಲ್ಲಿ ಅದೇ ದೇಶದ ಪಾಂಗ್ಯೋದ ಡೇಟಾ ಸೆಂಟರ್‌ನಲ್ಲೂ ಬ್ಯಾಟರಿಯಿಂದಲೇ ಬೆಂಕಿ, ಅಲ್ಲಿನ ಜನ ಮೆಸೇಜ್ ಕಳಿಸುವ ಆ್ಯಪ್ ಕಕಾವ್‌ಟಾಕ್ ಬಂದ್.

ಬ್ಯಾಟರಿಗೆ ಬೆಂಕಿ ತಡೆಯುವ ಗೋಡೆಯ ಪ್ರತ್ಯೇಕ ಕೋಣೆ ಬೇಕು. ಪ್ರತಿ ಬ್ಯಾಟರಿಯ ಬಿಸಿ ಅಳೆಯುತ್ತಿರಬೇಕು. ಜನರೇಟರನ್ನು ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಟೆಸ್ಟ್ ಅಲ್ಲ, ಪೂರ್ತಿ ಲೋಡ್ ಹಾಕಿ ಓಡಿಸಿ ನೋಡಬೇಕು. ನಮ್ಮ ಪಹಣಿಯಿಂದ ಹಿಡಿದು ಎಲ್ಲವೂ ಈಗ ಕಂಪ್ಯೂಟರ್‌ನಲ್ಲೇ ಇದೆ. ಸರ್ಕಾರಿ ಡೇಟಾ ಸೆಂಟರ್‌ಗಳ ತಪಾಸಣೆ ವರದಿಯನ್ನು ವರ್ಷಕ್ಕೊಮ್ಮೆಯಾದರೂ ಜನರ ಮುಂದಿಡಿ.

– ಒಬ್ಬ ಯುಪಿಎಸ್ ಟೆಕ್ನೀಷಿಯನ್, ಬೆಂಗಳೂರು