ಆಮ್ಲಜನಕದ ಯಂತ್ರದ ಬಳಿ ದೀಪ ಬೇಡ

ಮಾನ್ಯ ಸಂಪಾದಕರೇ,

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು (ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರಗಳು) ಈಗಲೂ ಎಷ್ಟೋ ಮನೆಗಳಲ್ಲಿ ಶ್ವಾಸಕೋಶದ ಕಾಯಿಲೆಯವರಿಗೆ ಆಸರೆಯಾಗಿವೆ. ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದ್ದರೆ, ಈ ಯಂತ್ರದಿಂದ ಬರುವುದರಲ್ಲಿ ಸುಮಾರು ಶೇ 90ರಷ್ಟಿರುತ್ತದೆ. ಆಮ್ಲಜನಕ ತಾನಾಗಿ ಉರಿಯದಿದ್ದರೂ ಹೊದಿಕೆ, ದಿಂಬು, ತಲೆಗೂದಲಲ್ಲಿ ಸೇರಿಕೊಂಡು, ಒಂದು ಕಿಡಿ ತಾಗಿದರೂ ಬೆಂಕಿ ಭುಗಿಲೇಳುವಂತೆ ಮಾಡುತ್ತದೆ. ಪರಿಚಿತರೊಬ್ಬರ ಮನೆಯಲ್ಲಿ, ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದ ಅಜ್ಜಿಯ ತಲೆಯ ಪಕ್ಕದ ಗೂಡಿನಲ್ಲೇ ನಂದಾದೀಪ ಉರಿಯುತ್ತಿದ್ದುದನ್ನು ಕಂಡು ನನ್ನ ಎದೆ ಝಲ್ಲೆಂದಿತು. ಅವರಿಗೆ ಯಾರೂ ಹೇಳಿರಲಿಲ್ಲ. ಬೀಡಿ, ಒಲೆ, ಊದುಬತ್ತಿಗಳಿಂದ ಯಂತ್ರವನ್ನು ಕನಿಷ್ಠ 3 ಮೀಟರ್ ದೂರವಿಡಬೇಕು, ಬಳಸದಿರುವಾಗ ಆರಿಸಬೇಕು, ಯಂತ್ರದ ಬದಲು ಆಮ್ಲಜನಕದ ಸಿಲಿಂಡರ್ ಬಳಸುವವರು ಅದರ ವಾಲ್ವ್‌ಗೆ ಎಣ್ಣೆ ಸವರಬಾರದು ಎಂಬ ಸೂಚನೆಗಳನ್ನು ಮಾರುವವರೂ ಬಾಡಿಗೆಗೆ ಕೊಡುವವರೂ ಕನ್ನಡದಲ್ಲಿ ಮುದ್ರಿಸಿ ಅಂಟಿಸುವುದನ್ನು ಆರೋಗ್ಯ ಇಲಾಖೆ ಕಡ್ಡಾಯಗೊಳಿಸಬೇಕು.

– ಓದುಗರೊಬ್ಬರು, ಮೈಸೂರು