ಜಲಚರಗಳಿಗೂ ದಾರಿ ಬೇಕು

ಮಾನ್ಯರೇ,

ಬೆಂಗಳೂರಿನ ರಾಜಕಾಲುವೆಗಳ ಪುನಶ್ಚೇತನದ ಸುದ್ದಿಗಳಲ್ಲಿ ಹೂಳು, ತಡೆಗೋಡೆ, ನಡಿಗೆ ಪಥಗಳ ವಿವರ ಕಾಣುತ್ತದೆಯೇ ಹೊರತು, ಅಲ್ಲಿಗೆ ಜೀವಿಗಳು ಎಲ್ಲಿಂದ, ಹೇಗೆ ಬರಬೇಕು ಎಂಬ ಪ್ರಸ್ತಾಪ ಅಪರೂಪ. ನೀರು ತಿಳಿಯಾದ ಮಾತ್ರಕ್ಕೆ ಜೀವವೈವಿಧ್ಯ ಮರಳುವುದಿಲ್ಲ.

ಏರೋಪ್ಲೇನ್ ಚಿಟ್ಟೆಗೆ ಚಿಂತೆಯಿಲ್ಲ. ಹಾರಿ ಬಂದು, ಬಾಲದ ತುದಿಯನ್ನು ನೀರಿಗೆ ತಾಗಿಸಿ ಮೊಟ್ಟೆಯಿಟ್ಟು ಹೋಗುತ್ತದೆ. ಸಣ್ಣ ದೇಶಿ ಮೀನುಗಳು ನೀರಿನಲ್ಲೇ ಬರಬೇಕು. ನಡುವೆ ಕೊಳಚೆಯ ಪಟ್ಟಿಯೋ, ಆಳೆತ್ತರದ ಕಾಂಕ್ರೀಟ್ ಮೆಟ್ಟಿಲೋ ಇದ್ದರೆ ಅವುಗಳ ದಾರಿ ಅಲ್ಲಿಗೇ ಮುಗಿಯಿತು. ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಕಣಿವೆಗಳಲ್ಲಿ ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುತ್ತಿತ್ತು. ಮಳೆ ನೀರಿನ ಜೊತೆ ಮೀನು, ಬಸವನಹುಳು, ಜೊಂಡಿನ ಬೀಜಗಳೂ ಸಾಗುತ್ತಿದ್ದವು. ಆ ಸರಪಳಿ ತುಂಡಾದ ಕಡೆ ಮೊದಲು ಬಂದು ಕೂರುವುದು ಯಾವುದು? ಕೊಳಚೆಯಲ್ಲೂ ಗಾಳಿ ಗುಟುಕರಿಸಿ ಬದುಕುವ ಆಫ್ರಿಕನ್ ಕ್ಯಾಟ್‌ಫಿಷ್, ಸೊಳ್ಳೆ ನಿಯಂತ್ರಣಕ್ಕೆಂದು ನಾವೇ ಬಿಟ್ಟ ಗಾಂಬೂಸಿಯಾ ಎಂಬ ಪುಟ್ಟ ವಿದೇಶಿ ಮೀನು. ಇವು ದೇಶಿ ಮೀನಿನ ಮರಿಗಳನ್ನೂ ಬಿಡುವುದಿಲ್ಲ. ‘ಕೆರೆಗೆ ಮೀನು ಬಂತು’ ಎಂದು ಸಂಭ್ರಮಿಸುವ ಮೊದಲು ಯಾವ ಮೀನು ಎಂದು ನೋಡುವುದು ಒಳ್ಳೆಯದು.

ಆದ್ದರಿಂದ ಕಾಮಗಾರಿಗೆ ಮುನ್ನ ಆಯಾ ಕಣಿವೆಯಲ್ಲಿ ದೇಶಿ ಜೀವಿಗಳು ಉಳಿದಿರುವ ಕೆರೆ-ಹಳ್ಳಗಳನ್ನು ಗುರುತಿಸಿ, ಅವುಗಳಿಗೆ ತಾಗಿಕೊಂಡ ಕಾಲುವೆಗಳನ್ನೇ ಮೊದಲು ಕೈಗೆತ್ತಿಕೊಳ್ಳಲಿ. ತಳಕ್ಕೆ ಕಾಂಕ್ರೀಟ್ ಸುರಿಯದೆ ಮಣ್ಣು, ಕಲ್ಲು, ಜೊಂಡು ಉಳಿಸಲಿ. ನೀರು ಧುಮುಕುವಲ್ಲಿ ಮೀನು ಹತ್ತುವಂತೆ ಕಲ್ಲಿನ ಇಳಿಜಾರು ಕಟ್ಟಲಿ.

– ಓದುಗ, ಜಕ್ಕೂರು, ಬೆಂಗಳೂರು